ಕೃಷ್ಣನ ಕಂಕುಳು

ಚೆನ್ನೈನ ಮೈಲಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಭಾರ್ಗವಿಯ ಪಕ್ಕ ಇಬ್ಬರು ಭರತನಾಟ್ಯದ ಹುಡುಗಿಯರು ನಿಂತಿದ್ದರು. ಚಿಕ್ಕವಳು ಯಾಳಿನಿ ದೊಡ್ಡವಳಿಗೆ ದೂರು ಹೇಳುತ್ತಿದ್ದದ್ದು ಭಾರ್ಗವಿಯ ಕಿವಿಗೂ ಬೀಳುತ್ತಿತ್ತು.

“ಮೂರನೇ ಡಿಯೋಡರೆಂಟೂ ಕೈಕೊಡ್ತು ಅಕ್ಕಾ. ಮೈಗೆ ಅಭ್ಯಾಸ ಆಗಿಹೋಗಿರಬೇಕು.”

“ನಾಳೆ ಕಾರ್ಯಕ್ರಮದಲ್ಲಿ ನೀನೇ ಅಲ್ವೇನೇ ಕೃಷ್ಣ?”

“ಅದಕ್ಕೇ ಭಯ. ರಾಧೆ ನನ್ನ ತೋಳಿನ ಕೆಳಗೆ ತಲೆ ಇಡಬೇಕು. ಇವತ್ತು ಪ್ರಾಕ್ಟೀಸಲ್ಲಿ ಉಸಿರು ಬಿಗಿಹಿಡಿದು ಇಟ್ಟಳು. ಗುರುಗಳು ‘ಆಹಾ, ಎಂಥ ಭಾವ’ ಅಂದ್ರು.”

“ಯಾವಾಗ ಹಚ್ಕೋತೀಯ?”

“ವೇಷ ಕಟ್ಟಿ, ಬೆವರು ಶುರುವಾದ ಮೇಲೆ.”

“ಬೆವರಿನ ಮೇಲೆ ಹಚ್ಚಿದ್ರೆ ಅದು ನಿಲ್ಲುತ್ತಾ? ಹಿಂದಿನ ರಾತ್ರಿ ಕಂಕುಳು ತೊಳೆದು, ಚೆನ್ನಾಗಿ ಒಣಗಿದ ಮೇಲೆ ಹಚ್ಚು. ರವಿಕೆ ಒಗೀತೀಯ ತಾನೆ?”

“ಕಾಂಚೀಪುರದ ರೇಷ್ಮೆ ಅಕ್ಕಾ. ಅರಂಗೇಟ್ರಂನಲ್ಲಿ ಮೊದಲ ಸಲ ರಂಗ ಹತ್ತಿದಾಗಿನಿಂದ ಇಷ್ಟು ವರ್ಷವೂ ಒಗೆದಿಲ್ಲ, ಬರೀ ನೆರಳಲ್ಲಿ ಹರವಿದ್ದು.”

“ಅಷ್ಟು ವರ್ಷದ ಬೆವರು ಕಂಕುಳಲ್ಲಿ ಇಟ್ಕೊಂಡು ಡಿಯೋಡರೆಂಟ್ ಡಬ್ಬೀನ ಬೈತೀಯಲ್ಲೇ. ರವಿಕೆ ಒಳಗೆ ಹತ್ತಿ ಬಟ್ಟೆಗೆ ಟಾಕಾ ಹಾಕಿಸಿಕೋ, ಪ್ರತಿ ಸಲ ಅದನ್ನ ಬಿಚ್ಚಿ ಒಗೆ.”

“ನಾಳೆಗೆ?”

“ನನ್ನ ರವಿಕೆ ಹಾಕ್ಕೋ, ಶುದ್ಧವಾಗಿದೆ.”

“ನಿಮ್ಮದು ಹಸಿರು. ಕೃಷ್ಣನಿಗೆ ಹಳದಿ ಬೇಕು.”

“ಹಸಿರು ಕೃಷ್ಣನನ್ನ ರಾಧೆ ಒಪ್ಕೋತಾಳೆ. ನಾರೋ ಕೃಷ್ಣನನ್ನ ಒಪ್ಪಲ್ಲ.”

ಬಸ್ಸು ಬಂತು. ಯಾಳಿನಿ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಕಂಬಿ ಹಿಡಿದು ಹತ್ತಿದಳು.