ಬಸುರಿಯ ಪಾಲಿನ ಮೊಟ್ಟೆ

...ಅಲ್ಲ, ಸರ್ಕಾರನ ಬೈಬ್ಯಾಡ ಕಣಜ್ಜಿ ಅಂತೀರಲ್ಲ, ಬೈದೆ ಇನ್ನೇನ್ ಮಾಡ್ಲಿ? ಬೈಸ್ಕಳೋರು ಇಬ್ರವ್ರೆ. ಅಲ್ಲೆಲ್ಲೋ ಕುಂತು ರೂಲ್ಸ್ ಮಾಡ್ದೋರು ಒಬ್ರು, ನಿಮ್ ತಾತ ಇನ್ನೊಬ್ರು. ನಗಬ್ಯಾಡ್ರೋ, ಕೇಳ್ರಿಲ್ಲಿ. ನಿಮ್ಮವ್ವ ಭಾಗ್ಯ ಈ ಸಣ್ಣೋನ್ನ ಬಸುರಿ ಆಗಿದ್ಲಲ್ಲ, ಆವಾಗಿನ್ ಮಾತು. ಮೂರ್ ತಿಂಗ್ಳೋ, ಅಲ್ಲ, ನಾಕು ತುಂಬಿತ್ತು ಅಂತ ಕಾಣ್ತದೆ, ಕುದೂರ್ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ರಕ್ತ ತೋರ್ಸುದ್ರೆ ನರ್ಸಮ್ಮ ನನ್ ಮ್ಯಾಲೇ ರೇಗ್ಬುಟ್ಲು. ‘ಏನಜ್ಜಿ, ಸೊಸೆಗೆ ಊಟ ಹಾಕ್ತೀರೋ ಇಲ್ವೋ? ಮೈಯಲ್ಲಿ ರಕ್ತನೇ ಇಲ್ವಲ್ಲ. ಹಿಂಗೇ ಬುಟ್ರೆ ಹೆರಿಗೆ ಟೈಮಲ್ಲಿ ತಾಯಿ ಮಗು ಇಬ್ರಿಗೂ ಕಷ್ಟ’ ಅಂದ್ಲು. ಮನೇಲಿ ಎರಡು ಸೀಮೆ ಹಸ ಕಣ್ರಪ್ಪ, ಕ್ಯಾನ್ ತುಂಬ ಹಾಲು, ಅಷ್ಟೂ ಡೈರಿಗೆ, ನಮ್ಗೆ ಕಾಫಿಗೆ ಒಸಿ. ಬಸುರಿ ಹೆಂಗಸು ಎಲ್ರೂ ಉಂಡಾದ್ಮೇಲೆ ತಳದಲ್ಲಿರೋ ಸಾರು ಬಳ್ಕಂಡು ಉಣ್ಣೋಳು. ಅದೇ ನಡ್ಕಂಡ್ ಬಂದಿತ್ತು, ಯಾರೂ ಯಾಕೆ ಅನ್ತಿರ್ನಿಲ್ಲ.

ಆ ಟೈಮಿಗೇ ಅಂಗನವಾಡೀಲಿ ಬಸುರಿ ಬಾಣಂತೀರ್ಗೆ ಮಧ್ಯಾನದೂಟ ಅಂತ ಮಾಡಿದ್ರು. ಅನ್ನ, ಸಾರು, ಮೊಟ್ಟೆ, ಹಾಲು, ಕಡ್ಲೆಬೀಜದ ಚಿಕ್ಕಿ. ಒಳ್ಳೇದೇಯ, ನಾನೇನ್ ಇಲ್ಲ ಅನ್ನಕಿಲ್ಲ. ಆದ್ರೆ ಅಲ್ಲೇ ಬಂದು ಕುಂತ್ಕಂಡ್ ಉಣ್ಬೇಕಂತೆ, ಮನೆಗೆ ಕೊಡಂಗಿಲ್ವಂತೆ! ನಾವಿರದು ಹೊಲದ್ ಮನೇಲಿ, ಅಂಗನವಾಡಿ ಊರೊಳ್ಗೆ, ಮಧ್ಯ ಹಳ್ಳ ಬ್ಯಾರೆ. ವಾಂತಿ ಮಾಡ್ಕಂಡ್ ಮಲ್ಗಿರೋಳು ಉರಿಬಿಸ್ಲಲ್ಲಿ ನಡ್ಕಂಡ್ ಹೋಗಿ ಉಣ್ಬೇಕಾ? ಆ ರೂಲ್ಸ್ ಮಾಡ್ದೋನು ಒಂದ್ಸಲ ಬಸುರಿಯಾಗಿ ನೋಡ್ಬೇಕಿತ್ತು. ಇತ್ಲಾಗ್ ನಿಮ್ ತಾತ, ‘ಲೇ ಅಮ್ಮಿ, ನಮ್ಮನೆ ಸೊಸೆ ಊರ್ ಮುಂದೆ ತಟ್ಟೆ ಹಿಡ್ಕಂಡ್ ಕುಂತ್ಕತಾಳಾ? ಮನೇಲಿ ಹಿಟ್ಟಿಲ್ವಾ?’ ಅಂದ್ರು. ‘ಹಿಟ್ಟೈತೆ, ರಕ್ತ ಎಲ್ಲೈತೆ?’ ಅಂದೆ. ರಕ್ತದ್ ಮಾತ್ರೆ ಕೊಟ್ಟಿದ್ರು ಅನ್ನಿ, ಅದ್ನ ನುಂಗುದ್ರೆ ಹೊಟ್ಟೆ ತೊಳಸ್ತದೆ ಅಂತ ನಿಮ್ಮವ್ವ ಹಿತ್ಲಿಗೆ ಎಸ್ದ್ಬುಡೋಳು. ಅದೊಂದ್ ಬ್ಯಾರೆ ಕತೆ, ಬುಡಿ.

ಸರಿ, ನಾನೇ ಡಬ್ಬಿ ತಕ್ಕಂಡ್ ಹೋದೆ. ಅಂಗನವಾಡಿ ಟೀಚರು ಸುಜಾತ ಅಂತ. ‘ಡಬ್ಬಿಗೆ ಹಾಕಂಗಿಲ್ಲ ಅಜ್ಜಿ. ಮನೆಗೆ ಕಳ್ಸುದ್ರೆ ಮನೇರೆಲ್ಲ ಹಂಚ್ಕತಾರೆ’ ಅಂದ್ಲು. ‘ಏನವ್ವ, ನಾವು ಬಸುರಿ ಅನ್ನ ಕಿತ್ಕಂಡ್ ತಿನ್ನೋ ಜನನಾ?’ ಅಂತ ಊರೇ ಕೇಳಂಗೆ ಕೂಗಾಡ್ಬುಟ್ಟೆ. ಬರಿಗೈಲಿ ಬಂದೆ. ಆಮೇಲೊಂದಿನ ಮಳೆ ಹುಯ್ದು ಹಳ್ಳಕ್ಕೆ ನೀರು ಬಂತು. ಬಸುರಿ ದಾಟಂಗಿಲ್ಲ, ಸೀರೆ ಎತ್ಕಟ್ಕಂಡು ನಾನೇ ದಾಟ್ಕಂಡ್ ಹೋದೆ. ಸುಜಾತ ನನ್ ಕಾಲಿನ್ ಕೆಸ್ರು ನೋಡಿ, ‘ಇವತ್ತೊಂದಿನ, ಯಾರಿಗೂ ಹೇಳ್ಬ್ಯಾಡ’ ಅಂತ ಡಬ್ಬಿ ತುಂಬ್ಸಿ ಕೊಟ್ಲು. ತಂದು ಭಾಗ್ಯನ್ ಕೈಗಿಟ್ಟು, ‘ಉಣ್ಣವ್ವ’ ಅಂದು, ಹಸ ಒಳೀಕ್ ಕಟ್ಟಕ್ಕೆ ಹೋದೆ. ಬಂದ್ ನೋಡ್ತೀನಿ, ನಿಮ್ ತಾತ ಜಗಲಿ ಮ್ಯಾಲೆ ಕುಂತವ್ರೆ, ಮುಂದೆ ಡಬ್ಬಿ ಮುಚ್ಳ ತೆಗ್ದೈತೆ, ಮೊಟ್ಟೆ ಅರ್ಧ ಬಾಯೊಳ್ಗೆ!

‘ಏನ್ರೀ ಇದು?’ ಅಂದ್ರೆ, ‘ಆ ಹುಡ್ಗಿ ಬ್ಯಾಡ ಅಂತು ಕಣಮ್ಮಿ’ ಅಂತಾರೆ. ಒಳೀಕ್ ಹೋದ್ರೆ ಭಾಗ್ಯ ಗ್ವಾಡೆಗೆ ಒರಗ್ಕಂಡ್ ಕುಂತವ್ಳೆ. ‘ನಾನೇ ಕೊಟ್ಟೆ ಅತ್ತೆ. ಮಾವ ಹೊಲದಿಂದ ಹಸ್ಕಂಡ್ ಬಂದ್ರು. ಅವ್ರು ನೋಡ್ತಿದ್ರೆ ನಾನೆಂಗ್ ತಿನ್ಲಿ?’ ಅಂದ್ಲು. ಅಳು ಬಂದ್ಬುಡ್ತು ಕಣ್ರಪ್ಪ ನಂಗೆ, ಸಿಟ್ಟಿಗೆ. ಯಾರ್ ಮ್ಯಾಲೆ ಸಿಟ್ಟು ಅಂತ ನಂಗೇ ಗೊತ್ತಾಗ್ನಿಲ್ಲ. ಆ ಟೀಚರಮ್ಮ ಅಂದಂಗೇ ಆಗೋಯ್ತಲ್ಲ, ನಮ್ಮನೇಲೇ! ಹೊರಕ್ ಬಂದು ಕೇಳ್ದೆ, ‘ಅಲ್ಲ, ಸರ್ಕಾರದ್ ಅನ್ನ ಉಂಡ್ರೆ ಮಾನ ಹೋಯ್ತದೆ ಅಂದ್ರಲ್ಲ, ಸರ್ಕಾರದ್ ಮೊಟ್ಟೆ ತಿಂದ್ರೆ ಹೋಗಕಿಲ್ವಾ? ನಾಳೆ ಹೆರಿಗೇಲಿ ಹೆಚ್ಚು ಕಮ್ಮಿ ಆದ್ರೆ ನಿಮ್ ಬೀಗ್ರಿಗೆ ಏನಂತ ಹೇಳ್ತೀರಿ? ಮೊಟ್ಟೆ ನಾನ್ ತಿಂದೆ ಅಂತೀರಾ?’ ಕೈಲಿದ್ದ ಅರ್ಧ ಮೊಟ್ಟೆ ಡಬ್ಬಿಗಿಟ್ರು. ಕೈ ತೊಳ್ಕಂಡು ಎದ್ ಹೋದ್ರು.

ಮಾರ್ನೆ ದಿನ ಮಧ್ಯಾನ, ಡೈರಿಗೆ ಹಾಲಿನ್ ಕ್ಯಾನ್ ಒಯ್ಯೋ ಮೋಟ್ರುಗಾಡಿ ಸ್ಟಾರ್ಟ್ ಆದ ಸದ್ದು. ನೋಡುದ್ರೆ ನಿಮ್ ತಾತ, ‘ಬಾರವ್ವ ಕುಂತ್ಕೊ’ ಅಂತ ಸೊಸೇನ ಹಿಂದ್ಗಡೆ ಕೂರಿಸ್ಕತಾವ್ರೆ. ಹಳ್ಳ ಸುತ್ತಾಕ್ಕಂಡ್ ರೋಡಲ್ಲೇ ಹೋದ್ರು. ಅವತ್ತಿಂದ ದಿನಾ ಅಂಗನವಾಡಿ ಮುಂದೆ ಬುಟ್ಟು, ಯಾರೂ ನೋಡ್ದಂಗೆ ಆಚೆ ಕಡೆ ಮೊಕ ಮಾಡ್ಕಂಡ್ ನಿಂತಿರೋರು. ಅವ್ಳು ಉಂಡು, ಟೀಚರ್ ಎದ್ರಿಗೇ ಮಾತ್ರೆ ನುಂಗಿ ಬರೋಳು. ಹಾಲ್ನೂ ಅಷ್ಟೇ, ಕ್ಯಾನ್ ಡೈರಿಗೆ ಹೋಗೋಕ್ ಮುಂಚೆನೇ ಅವ್ಳ ಚೊಂಬು ಎತ್ತಿಡ್ತಿದ್ದೆ. ಹೆರಿಗೆ ಟೈಮಿಗೆ ರಕ್ತ ಏರಿತ್ತು. ಇಗೋ, ಗುಂಡ್ಗುಂಡಾಗಿ ಹುಟ್ದ ಇವ್ನು.

ಆದ್ರೂ ಆ ರೂಲ್ಸ್ ಮಾಡ್ದೋರ್ನ ಬೈತೀನಿ ಕಣ್ರಿ. ದೂರ ಇರೋ ಬಸುರೀರ್ಗೆ ಒಂದ್ ದಾರಿ ಮಾಡ್ಬೇಕಾ ಬ್ಯಾಡ್ವಾ? ಎಲ್ರ ಮನೇಲೂ ಗಾಡಿ ಐತಾ? ಹಂಗಂತ ಮನೆಗೇ ಕೊಟ್ರೆ ನಮ್ಮಂತೋರ್ ಮನೆ ಕತೆ ಗೊತ್ತಾಯ್ತಲ್ಲ. ಥೂ, ಎರಡ್ ಕಡೀಕೂ ಬೈಬೇಕು. ನೋಡ್ರೋ, ನಾಳೆ ನಿಮ್ ಮನೇಲೂ ಬಸುರಿ ಇರ್ತಾಳೆ. ಮೊದ್ಲು ಅವ್ಳಿಗೆ ಬಡಿಸಿ. ಅವ್ಳು ಹೊಟ್ಟೆ ತುಂಬ ಉಂಡು ಕೈ ತೊಳ್ದ್ಮೇಲೆ ನೀವು ಕುಂತ್ಕಳಿ. ಅಷ್ಟೇಯ.