ಪೆಡಲ್ ಮೇಲಿನ ಕಾಲು

ಅಲ್ಲ, ಅತ್ತಿಗೆ ಅನುಮಾನದ ಹೆಂಗಸಲ್ಲ. ನೀವ್ಯಾರೂ ಹಾಗಂದಿಲ್ಲ, ಒಪ್ಪಿದೆ. ಆದ್ರೆ ಇದನ್ನ ಕೇಳಿದೋರೆಲ್ಲ ಮನಸ್ಸಲ್ಲಿ ಅದನ್ನೇ ಅಂದ್ಕೋತಾರೆ, ಅದಕ್ಕೇ ಮೊದಲೇ ಹೇಳ್ಬಿಟ್ಟೆ. ಅವಳು ಕಣ್ಣಿನ ಕ್ಲಿನಿಕ್‌ನಲ್ಲಿದಾಳೆ. ದಿನವಿಡೀ ಗಾಜು ಬದಲಾಯಿಸ್ತಾ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಅಂತ ಕೇಳೋ ಕೆಲಸ. ಕಾಣದೇ ಇದ್ರೂ ಕಂಡಿತು ಅನ್ನೋರನ್ನ ಹಿಡಿದು ಹಿಡಿದು ಪಳಗಿದೋಳು.

ಆ ರಾತ್ರಿ ಕ್ಲಿನಿಕ್ ಮುಚ್ಚೋದು ತಡ ಆಯ್ತು. ಬಸ್ಸಿಳಿದು ನಡ್ಕೊಂಡು ಬರ್ತಿದ್ಲು. ಓಣಿ ತಿರುವಲ್ಲಿ ಒಂದು ಹಾಳು ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬಂದಾಗ ಕೇಳಿಸ್ತು...

ಗುಡು ಗುಡು ಗುಡು... ವ್ರೂಂಂಂ... ಗುಡು ಗುಡು ಗುಡು...

ಗಂಡನ ಕಾರು. ಗಂಡ ಅಂದ್ರೆ ನಮ್ಮ ದೊಡ್ಡಪ್ಪನ ಮಗ, ಅಣ್ಣ. ಕಾರು ಅಂದ್ರೆ ಅಂಥಿಂಥ ಕಾರಲ್ಲ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹಸಿರು ಬಣ್ಣ, ಮೈಲುದ್ದ ಬಾನೆಟ್ಟು, ಎರಡೇ ಸೀಟು. ಮಕ್ಕಳಾದ್ರೆ ಹಿಂದೆ ಓಡಿ ಬರಬೇಕು. ಮನೆ ನಲ್ಲಿ ಸೋರಿದ್ರೆ ಅಣ್ಣ "ನೋಡೋಣ" ಅಂತಿದ್ದ. ಕಾರಿಂದ ಒಂದು ತೊಟ್ಟು ಎಣ್ಣೆ ಬಿದ್ರೆ ಚಾಪೆ ಹಾಸ್ಕೊಂಡು ಅದರಡಿಗೆ ಹೋಗ್ತಿದ್ದ.

ಅತ್ತಿಗೆ ಬ್ಯಾಗಿಗೆ ಕೈ ಹಾಕಿ ನೋಡಿದ್ಲು. ಕಾರಿನ ಕೀಲಿ ಇತ್ತು. ಬೆಳಗ್ಗೆ ಜಗಳ ಆಗಿ, ಅವನು ಇವತ್ತೊಂದಿನ ಆದ್ರೂ ಮನುಷ್ಯರ ಥರ ಇರಲಿ ಅಂತ ಅವಳೇ ಎತ್ಕೊಂಡು ಹೋಗಿದ್ಲು. ಕಳ್ಳ, ಇನ್ನೊಂದು ಕೀಲಿ ಮಾಡಿಸಿದಾನೆ ಅಂದ್ಕೊಂಡ್ಲು.

ಮನೆ ಪಕ್ಕದ ಕಾರ್ ಶೆಡ್ಡಿನ ಗೋಡೆ ಹತ್ರ ಬಂದಾಗ ಒಳಗಿಂದ ಅವನ ಪಿಸುಮಾತು.

"ಒತ್ತು... ಹಾಂ, ಹಾಗೇ... ಬಿಡು... ಮತ್ತೆ ಒತ್ತು..."

ಅತ್ತಿಗೆ ಕಾಲು ನಿಂತೋಯ್ತು.

ಯಾಕಂದ್ರೆ, ಆ ಕಾರಿಗೆ ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡೋ ಕಾರ್ಬ್ಯುರೇಟರ್ ಎರಡು, ಮುಂದೊಂದು ಹಿಂದೊಂದು. ಎರಡೂ ಸಮಾ ಉಸಿರಾಡಬೇಕು. ರಬ್ಬರ್ ಪೈಪಿನ ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಅದರ ಬಾಯಲ್ಲಿ ಇಟ್ಟು, 'ಸ್ಸ್ಸ್' ಅನ್ನೋ ಸದ್ದು ಹೋಲಿಸಿ ಹೋಲಿಸಿ ಸ್ಕ್ರೂ ತಿರುಗಿಸಬೇಕು. ಗಾಳಿ ಬಂದ್ರೆ ಕೇಳಲ್ಲ ಅಂತ ಬಾಗಿಲು ಮುಚ್ಚಿರಬೇಕು. ಅಷ್ಟೊತ್ತೂ ಯಾರಾದ್ರೂ ಒಳಗೆ ಕೂತು, ಹೇಳಿದಾಗ ಪೆಡಲ್ ಒತ್ತಿ ಹೇಳಿದಾಗ ಬಿಡಬೇಕು. ಆ 'ಯಾರಾದ್ರೂ' ಯಾವಾಗ್ಲೂ ಹೆಂಡ್ತಿ. ಅದು ಆ ಮನೆ ಪದ್ಧತಿ.

ಅಣ್ಣನಿಗಿಂತ ಮೊದಲು ದೊಡ್ಡಪ್ಪ ಬಾನೆಟ್ ಹತ್ರ, ದೊಡ್ಡಮ್ಮ ಸೀಟಲ್ಲಿ. "ಸಾಕು, ಇಳಿ" ಅಂತ ದೊಡ್ಡಪ್ಪ ಅನ್ನೋವರೆಗೂ ಅವಳು ಇಳೀತಿರಲಿಲ್ಲ. ಒಂದಿನ "ಹಾಗೇ ಹಿಡ್ಕೋ, ಬಂದೆ" ಅಂತ ಹೇಳಿ ಸ್ಪ್ರಿಂಗ್ ತರೋಕೆ ಹೋದ. ಹೋಗ್ತಾ ಬಾಗಿಲೆಳಕೊಂಡ. ಅಂಗಡೀಲಿ ಅವನ ಥರದ್ದೇ ಇನ್ನೊಂದು ಕಾರಿನ ಹುಚ್ಚ ಸಿಕ್ಕಿದ. ಮಾತು ಬೆಳೀತು. ವಾಪಸ್ ಬಂದ್ರೆ ಇಂಜಿನ್ ಅದೇ ಸ್ಪೀಡಲ್ಲಿ ಓಡ್ತಿತ್ತು, ಒಂದು ಚೂರು ಏರಿಲ್ಲ, ಇಳಿದಿಲ್ಲ. ದೊಡ್ಡಮ್ಮ ಹೊಗೆ ಕುಡಿದು ಸತ್ತುಹೋಗಿದ್ಲು. ಕಾಲು ಮಾತ್ರ ಪೆಡಲ್ ಮೇಲೇ.

ಜನರ ಮುಂದೆ ಹಾರ್ಟ್ ಅಂದ್ರು. ದೊಡ್ಡಪ್ಪ ಆಮೇಲೆ ಮಾಡಿದ ಒಂದೇ ಬದಲಾವಣೆ, ಸೈಲೆನ್ಸರಿಗೆ ಉದ್ದ ಪೈಪ್ ಸಿಗಿಸಿ ಗೋಡೆಯಾಚೆ ಬಿಟ್ಟ. ಅವನ ದುಃಖ ಅಷ್ಟುದ್ದ ಇತ್ತು.

ಅವನೂ ಹೋದ, ಕಾರು ಅಣ್ಣನಿಗೆ ಬಂತು. ಪಕ್ಕದ ಮನೆ ಟೈಲರ್ ಒಂದಿನ ಬಾಯಿ ಬಿಟ್ಟಾಗ್ಲೇ ಅತ್ತಿಗೆಗೆ ಇದೆಲ್ಲ ಗೊತ್ತಾಗಿದ್ದು. ಅವತ್ತೇ ಹೇಳಿದ್ಲು, "ಇನ್ನು ಆ ಸೀಟಲ್ಲಿ ನಾನು ಕೂರಲ್ಲ. ಅದನ್ನ ಬಿಡಿ, ಇಲ್ಲಾ ನನ್ನ ಬಿಡಿ."

"ನೋಡೋಣ" ಅಂದಿದ್ದ ಅಣ್ಣ.

ಹಾಗಾದ್ರೆ ಈಗ ಒಳಗೆ ಒತ್ತುತಿರೋದು ಯಾರು?

ಹೌದು, ಇನ್ನೊಬ್ಬಳು ಅಂತಾನೇ ಅನ್ನಿಸ್ತು. ಯಾರಿಗಾದ್ರೂ ಅನ್ನಿಸುತ್ತೆ. ಚಪ್ಪಲಿ ಕಳಚಿ ಕೈಗೆ ತಗೊಂಡ್ಲು... ಬಿಟ್ಟಿಡೋಕಲ್ಲ. ಬಾಗಿಲು ತಳ್ಳಿದ್ಲು. ಕಿರ್‌ರ್...

ಬಲ್ಬ್ ಉರೀತಿತ್ತು. ಅಣ್ಣ ಬಾನೆಟ್ ಮೇಲೆ ಬಗ್ಗಿದ್ದ. ಕಿವಿಯಲ್ಲಿ ಪೈಪು, ಕಣ್ಣು ಮುಚ್ಚಿದ್ದ.

ಸೀಟು ಖಾಲಿ.

"ಒತ್ತು" ಅಂದ ಅಣ್ಣ.

ಪೆಡಲ್ ಕೆಳಗೆ ಹೋಯ್ತು... ನಿಧಾನಕ್ಕೆ. ಸೀಟಿನ ಚರ್ಮ 'ಕ್ರಿಕ್' ಅಂತು, ಕೂತೋರು ಸ್ವಲ್ಪ ಮುಂದೆ ಸರಿದ ಹಾಗೆ. ಚಪ್ಪಲಿ ಅತ್ತಿಗೆ ಕೈಯಿಂದ ಬಿತ್ತು.

"ಶ್..." ಅಂದ ಅಣ್ಣ. "ಸದ್ದು ಮಾಡ್ಬೇಡ ಕಣೇ. ಎಷ್ಟು ಸ್ಟೆಡಿ ಇದೆ ಕೇಳು."

"ಯಾರ್ರೀ ಅದು?"

"ಅಮ್ಮ."

ಹಾಲು ತಂದಿದೀನಿ ಅನ್ನೋ ಹಾಗೆ ಹೇಳಿದ.

"ಯಾವಾಗಿಂದ?"

"ನೀನು ಕೂರಲ್ಲ ಅಂದಾಗಿಂದ."

ಅತ್ತಿಗೆಗೆ ಆಗಿದ್ದು ಹೆದರಿಕೆ ಅಲ್ವಂತೆ. ಅವಳೇ ಹೇಳಿದ್ದು, ಹೆದರಿಕೆ ಆಗಿದ್ರೆ ಓಡೋಗ್ತಿದ್ದೆ, ಹೊಟ್ಟೆ ಉರೀತು ಅಂತ. ಸತ್ತ ಮೇಲೂ ಬಿಡುವಿಲ್ವಲ್ಲ ಈ ಹೆಂಗಸಿಗೆ ಅಂತ.

"ಇಳಿ ಅನ್ರೀ ಅವರಿಗೆ."

"ಅಂತೀನಿ."

"ಈಗ ಅನ್ನಿ. ನಿಮ್ಮಪ್ಪ ಅನ್ನದೇ ಹೋದ್ರು. ಒಂದು ಮಾತು ರೀ. ಸಾಕು, ಇಳಿ. ಅಷ್ಟೇ."

"ಹಿಂದಿನ ಕಾರ್ಬ್ಯುರೇಟರ್ ಒಂದು ಕೂದಲಷ್ಟು ಬಾಕಿ ಇದೆ ಕಣೇ. ಇಷ್ಟು ಚೆನ್ನಾಗಿ ಯಾವತ್ತೂ ಟ್ಯೂನ್ ಆಗಿರಲಿಲ್ಲ. ನೀನು ಒತ್ತಿದ್ರೆ ಕಾಲು ನಡುಗ್ತಿತ್ತು."

ಅತ್ತಿಗೆ ಕಾರಿನ ಹತ್ರ ಹೋದ್ಲು. ಬಗ್ಗಿ, ಖಾಲಿ ಸೀಟಿಗೆ ಪಿಸುಗುಟ್ಟಿದ್ಲು. "ಅತ್ತೆ... ಸಾಕು. ಇಳೀರಿ."

ಇಂಜಿನ್ ತಡವರಿಸ್ತು. ವ್ರೂಂಂ... ಗುಡು... ಗುಡು... ಪೆಡಲ್ ಅರ್ಧ ಮೇಲೆ ಬಂತು. ಸೀಟಿನ ಚರ್ಮ ಒಂಚೂರು ಉಬ್ಬಿತು.

"ಅಮ್ಮಾ," ಅಂದ ಅಣ್ಣ, ಕಿವಿಯಿಂದ ಪೈಪ್ ಕೂಡ ತೆಗೀದೆ. "ಹಾಗೇ ಹಿಡ್ಕೋ."

ಪೆಡಲ್ ಮತ್ತೆ ಕೆಳಗೆ ಹೋಯ್ತು.

ಅತ್ತಿಗೆ ಅವನ ಮುಖ ನೋಡಿದ್ಲು. ಕಣ್ಣು ಮುಚ್ಕೊಂಡು ನಗ್ತಿದ್ದ. ಮದುವೆ ಫೋಟೋದಲ್ಲೂ ಅಷ್ಟು ಚೆನ್ನಾಗಿ ನಕ್ಕಿಲ್ಲ ಅವನು. ನಾನೇ ಆರಿಸ್ತೀನಿ ಅಂತ ಅವಳು ಸ್ಟಿಯರಿಂಗ್ ಪಕ್ಕಕ್ಕೆ ಕೈ ಹಾಕಿದ್ಲು.

ಅಲ್ಲಿ ಕೀಲಿ ಇರಲಿಲ್ಲ. ತೂತು ಖಾಲಿ. ವೈರು ಯಾವುದೂ ಬಿಚ್ಚಿರಲಿಲ್ಲ, ಸುತ್ತಿರಲಿಲ್ಲ. ಬ್ಯಾಗ್ ತೆಗೆದು ನೋಡಿದ್ಲು, ಕೀಲಿ ಅಲ್ಲೇ ಇತ್ತು. ಇನ್ನೊಂದು ಕೀಲಿ ಯಾರೂ ಮಾಡಿಸೇ ಇರಲಿಲ್ಲ. ಅದನ್ನ ಅಣ್ಣನೇ ಆಮೇಲೆ ನನ್ನ ಮುಂದೆ ಒಪ್ಕೊಂಡಿದಾನೆ. ನಗಬೇಡಿ. ನಡೆದಿದ್ದು ನಡೆದ ಹಾಗೆ ಹೇಳ್ತಿದೀನಿ.

ಅತ್ತಿಗೆ ಕೀಲೀನ ಖಾಲಿ ಸೀಟಿನ ಮೇಲಿಟ್ಲು. ಚರ್ಮ ಬೆಚ್ಚಗಿತ್ತಂತೆ. ಬಿದ್ದ ಚಪ್ಪಲಿ ಹುಡುಕಿ ಹಾಕ್ಕೊಂಡ್ಲು.

"ಬಾಗಿಲು ಹಾಕ್ಕೊಂಡು ಹೋಗು," ಅಂದ ಅಣ್ಣ. "ಗಾಳಿ ಬರ್ತಿದೆ."

ಹಾಕ್ಕೊಂಡೇ ಹೋದ್ಲು, ಮನೆಯೊಳಗಲ್ಲ, ಬಸ್ಸಿನ ದಾರಿಗೆ.