ನೆಟ್ಟಗೆ ನಿಂತವನು

ನಮ್ಮ ಓಣಿಯ ಕೊನೆ ಮನೆಯ ಕನ್ನಡಕದಕ್ಕನಿಗೆ ಆದದ್ದು ಇದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜೋ ಕೆಲಸ ಅವಳದು, ಅದಕ್ಕೇ ಆ ಹೆಸರು. ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿ.

ಅವತ್ತು ಅವಳ ಕೆಲಸ ಮುಗಿಯೋ ಹೊತ್ತಿಗೆ ಓಣಿಯೆಲ್ಲ ನಿದ್ದೆ ಹೋಗಿತ್ತು. ಹಾಳು ಬಾವಿ ದಾಟಿದಳು... ಹಿಂದೆ ಸದ್ದು. ಪಚ್. ಪಚ್. ಚಪ್ಪಲಿಯದಲ್ಲ, ಬರಿಗಾಲಿನದೂ ಅಲ್ಲ. ಒದ್ದೆ ಹಿಟ್ಟನ್ನ ಮಣೆ ಮೇಲೆ ತಟ್ಟಿದ ಹಾಗೆ. ತಿರುಗಿದರೆ ಯಾರೂ ಇಲ್ಲ. ನಡೆದರೆ ಮತ್ತೆ... ಪಚ್. ಪಚ್.

ಆದರೂ ಅವಳು ಓಡಲಿಲ್ಲ. ಅಣ್ಣನ ಮನೆಯಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದ ಆಳಾಗಿ ಸವೆದು, ಕೊನೆಗೆ ಅಮ್ಮನನ್ನ ಕರ್ಕೊಂಡು ಹೊರಗೆ ಬಿದ್ದವಳು ಅವಳು. ಬಾವಿ ಪಕ್ಕದ ಮನೇನಾ, ತಿಂಗಳೊಳಗೆ ಹೆದರಿ ವಾಪಸ್ ಬರ್ತೀಯ ಅಂತ ಅಣ್ಣ ನಕ್ಕಿದ್ದನಂತೆ. ಒಂದು ಸಲ ಹೆದರಿ ಓಡಿದರೆ ಮುಗೀತು, ಮತ್ತೆ ಅದೇ ಮನೆ, ಅದೇ ಮುಸುರೆ.

ಒಳಗೆ ಬಂದು ಚಿಲಕ ಹಾಕಿದಳು. ಅಮ್ಮ ಮಲಗಿದ್ದಾಳೆ ಅಂತ ದೀಪ ಹಚ್ಚಲಿಲ್ಲ. ಆ ಬಾಗಿಲಲ್ಲಿ ಹಳೆ ಬೀಗ ಕಿತ್ತ ಜಾಗದಲ್ಲೊಂದು ತೂತು, ಕಡಲೆಕಾಳಿನಷ್ಟು. ಬೀದಿದೀಪದ ಬೆಳಕು ಅದರಿಂದ ನುಗ್ಗಿ, ಎದುರು ಗೋಡೆ ಮೇಲೆ ಓಣಿಯನ್ನೇ ತಂದು ಹಾಕೋದು. ಪೂರ್ತಿ ತಲೆಕೆಳಗಾಗಿ. ದೀಪ ಕೆಳಗೆ, ರಸ್ತೆ ಮೇಲೆ, ಓಡಾಡೋ ಜನ ಬಾವಲಿ ಥರ.

ಮೊದಲ ರಾತ್ರಿ ಅಮ್ಮ ಅದನ್ನ ಕಂಡು ಕಿಟಾರನೆ ಕಿರುಚಿದ್ದಳು. ಭೂತ ಅಲ್ಲಮ್ಮ, ನಮ್ಮ ಕಣ್ಣೊಳಗೂ ಹೀಗೇ ಅಂದಿದ್ದಳು ಕನ್ನಡಕದಕ್ಕ. ಪಾಪೆ ಅನ್ನೋದೂ ಒಂದು ತೂತೇ. ಅದರ ಹಿಂದೆ ಮಸೂರ ಇರೋದರಿಂದ ಚಿತ್ರ ಚೊಕ್ಕವಾಗಿ ಬೀಳುತ್ತೆ, ಆದರೆ ಒಳಗಿನ ಪರದೆ ಮೇಲೆ ಬೀಳೋದು ತಲೆಕೆಳಗಾಗೇ. ಲೋಕ ನೆಟ್ಟಗಿದೆ ಅಂತ ತಿಳ್ಕೊಳ್ಳೋದು ಮಿದುಳು. ಹಾಗಾದರೆ ನಿಮ್ಮಣ್ಣನ ಮಿದುಳು ಆ ಕೆಲಸ ಮರೆತಿದೆ ಅಂತ ಅಮ್ಮ ನಕ್ಕಿದ್ದಳು.

"ಮಗಳೇ..." ಕತ್ತಲಲ್ಲಿ ಅಮ್ಮನ ಪಿಸುಮಾತು. "ಇವನೊಬ್ಬ ಯಾಕೆ ನೆಟ್ಟಗಿದಾನೆ?"

ಗೋಡೆ ನೋಡಿದಳು. ದೀಪ ತಲೆಕೆಳಗು. ಬಾವಿಕಟ್ಟೆ ತಲೆಕೆಳಗು. ನಡುವೆ ಒಂದು ಕಪ್ಪು ಆಕಾರ... ಕಾಲು ಕೆಳಗೆ, ತಲೆ ಮೇಲೆ. ಎರಡೂ ಕೈ ಎತ್ತಿ, ಮೇಲಿದ್ದ ರಸ್ತೆಯನ್ನ ಹೊತ್ತವನ ಹಾಗೆ. ಒಂದು ಕೈ ಕಿತ್ತು ಮುಂದಿಟ್ಟ. ಪಚ್. ಇನ್ನೊಂದು. ಪಚ್. ದೊಡ್ಡದಾಗ್ತಾ ಬಂದ.

ಗೋಡೆ ಮೇಲೆ ನೆಟ್ಟಗೆ ಬೀಳಬೇಕಾದರೆ ಹೊರಗೆ ಅದು ಹೇಗೆ ನಡೆದು ಬರ್ತಿದೆ ಅನ್ನೋದು ಆಗ ಹೊಳೀತು ಅವಳಿಗೆ.

ಗೋಡೆ ಪೂರ್ತಿ ಕಪ್ಪಾಯ್ತು. ತೂತಿಗೆ ಏನೋ ಅಡ್ಡ ಬಂದಿತ್ತು. ಬಾಗಿಲ ಮೇಲ್ತುದಿಯಲ್ಲಿ ಧಪ್... ಧಪ್... ಎರಡು ಸಲ.

"ತೂತಿಗೆ ಬಟ್ಟೆ ತುರುಕೇ," ಅಮ್ಮ ಪಿಸುಗುಟ್ಟಿದಳು. "ಬೆಳಗಾದ್ರೆ ಅಣ್ಣನ ಮನೆಗೆ ಹೋಗ್ಬಿಡೋಣ."

ಆ ಮಾತು ಕೇಳಿದ್ದೇ ತಡ, ಭಯ ಹೋಗಿ ಸಿಟ್ಟು ಬಂತು ಅವಳಿಗೆ. ನೇರ ಹೋಗಿ ತೂತಿಗೆ ತನ್ನ ಕಣ್ಣನ್ನೇ ಇಟ್ಟಳು. ಏನು ಕಂಡಳೋ... ಇವತ್ತಿಗೂ ಬಾಯಿ ಬಿಟ್ಟಿಲ್ಲ. ಕಣ್ಣು ಮಾತ್ರ ತೆಗೀಲಿಲ್ಲ.

"ನನ್ನ ದುಡಿಮೇಲಿ ಹಿಡಿದ ಮನೆ ಇದು," ಅಂದಳು, ಮೆಲ್ಲಗೆ. "ನೀನು ಹೇಗೆ ಬೇಕಾದ್ರೂ ನಿಂತ್ಕೋ. ನಾನು ಹೋಗಲ್ಲ."

ಆಮೇಲೆ... ಪಚ್. ಪಚ್. ದೂರ... ಬಾವಿ ಕಡೆಗೆ. ಅವಳು ಕಣ್ಣು ತೆಗೆದಾಗ ಗೋಡೆ ಮೇಲೆ ದೀಪ ಮತ್ತೆ ಮೂಡಿತು.

ಬೆಳಗ್ಗೆ ನೋಡಿದರೆ ಧೂಳಲ್ಲಿ ಅವಳ ಚಪ್ಪಲಿ ಗುರುತು. ಅದರ ಹಿಂದೆಯೇ, ಬಾವಿಯಿಂದ ಹೊಸ್ತಿಲವರೆಗೆ, ಅಂಗೈ ಗುರುತು. ಅಷ್ಟನ್ನೂ ಗುಡಿಸಿ ಹಾಕಿ ಕೆಲಸಕ್ಕೆ ಹೋದಳು. ಅಮ್ಮ ಮತ್ತೆ ಅಣ್ಣನ ಮನೆ ಸುದ್ದಿ ಎತ್ತಲಿಲ್ಲ.

ಸುಳ್ಳು ಅಂತೀರಾ? ನಾಳೆ ಹಗಲಲ್ಲೇ ಹೋಗಿ ನೋಡಿ. ಇಬ್ಬರೂ ಈಗಲೂ ಅಲ್ಲೇ ಇದ್ದಾರೆ, ತೂತನ್ನೂ ಮುಚ್ಚಿಲ್ಲ. ಬಾಗಿಲ ಮೇಲ್ತುದಿಯಲ್ಲಿ ಎರಡು ಪಾದದ ಗುರುತಿದೆ. ನಾನೇ ಸ್ಟೂಲ್ ಹತ್ತಿ ಮುಟ್ಟಿದೀನಿ. ಇನ್ನೂ ಒದ್ದೆ.